ಕತ್ತಲಾದ ಮೇಲೆ ಸೈಕಲ್: ಮೊದಲು ಏನು ತಗೊಳ್ಳಬೇಕು, ಎಲ್ಲಿ ಕೂರಿಸಬೇಕು?

ಕತ್ತಲದಾರಿ:
ಕೆಲಸ ಮುಗಿಯೋದು ಸಂಜೆ ಏಳೂವರೆಗೆ. ಅಲ್ಲಿಂದ ಮನೆಗೆ 14 ಕಿ.ಮೀ. ಮೊದಲ 5 ಕಿ.ಮೀ. ಬೀದಿದೀಪ ಇದೆ. ಉಳಿದ 9 ಕಿ.ಮೀ. ಎರಡು ಲೇನಿನ ರಸ್ತೆ, ದೀಪ ಇಲ್ಲ, ಡಾಂಬರಿನ ಅಂಚು ಅಲ್ಲಲ್ಲಿ ಕಿತ್ತುಹೋಗಿದೆ. ಸಾದಾ ಹೈಬ್ರಿಡ್ ಸೈಕಲ್, ಹಿಂದೆ ಕ್ಯಾರಿಯರ್, ಅದರ ಮೇಲೆ ಬ್ಯಾಗು. ವೇಗ 18ರಿಂದ 22. ಮೂರು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಅಂಗಡಿಯವರು 1000 ಲ್ಯೂಮೆನ್ನಿನ (ಲೈಟು ಹೊರಸೂಸುವ ಒಟ್ಟು ಬೆಳಕಿನ ಅಳತೆ) ಮುಂದಿನ ಲೈಟ್ ಒಂದೇ ತಗೊಳ್ಳಿ, ಸಾಕು ಅಂತಿದ್ದಾರೆ. ದುಡ್ಡು ಪೂರ್ತಿ ಅದಕ್ಕೇ ಹೋಗುತ್ತೆ. ಸರಿಯಾ?

ರಿಪೇರಿಮನೆ:
ಬೇಡಿ ಸರ್. ಹಿಂದಿನಿಂದ ಶುರು ಮಾಡಿ.

ರಾತ್ರಿ ಲೈಟಿಗೆ ಎರಡು ಬೇರೆ ಬೇರೆ ಕೆಲಸ ಇದೆ. ಒಂದು, ನಿಮಗೆ ರಸ್ತೆ ಕಾಣಿಸೋದು. ಇನ್ನೊಂದು, ನೀವು ಬೇರೆಯವರಿಗೆ ಕಾಣಿಸೋದು. ಮುಂದೆ ಏನಿದೆ ಅಂತ ಕಾಣದಿದ್ದರೆ ನೀವೇ ವೇಗ ಇಳಿಸಬಹುದು. ಹಿಂದಿನಿಂದ ಬರುವವನಿಗೆ ನೀವು ಕಾಣದಿದ್ದರೆ ನಿಮ್ಮ ಕೈಲಿ ಏನೂ ಇರಲ್ಲ.

ಲೆಕ್ಕ ನೋಡಿ. 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ 16.7 ಮೀಟರ್ ಓಡುತ್ತೆ. ಚಾಲಕನ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಹಿಡಿದರೆ 25 ಮೀಟರ್ ಅಲ್ಲೇ ಹೋಯ್ತು. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ನಿಲ್ಲೋಕೆ ಇನ್ನೊಂದು 23 ಮೀಟರ್ ಬೇಕು. ಒಟ್ಟು 48. ಅಂದರೆ ಕನಿಷ್ಠ ನೂರು ಮೀಟರ್ ದೂರದಿಂದ ನೀವು ಅವನಿಗೆ ಗೊತ್ತಾಗಬೇಕು. ಬರೀ ರಿಫ್ಲೆಕ್ಟರ್ ನಂಬಿ ಅದು ಆಗಲ್ಲ. ಉರಿಯುವ ದೀಪವೇ ಬೇಕು.

ಹಿಂದಿನ ಲೈಟು ಎರಡು ತಗೊಳ್ಳಿ. ತುಂಬ ಪ್ರಖರವಾದದ್ದು ಬೇಡ. ರಾತ್ರಿಗೆ 20ರಿಂದ 50 ಲ್ಯೂಮೆನ್ ಧಾರಾಳವಾಯ್ತು. ಎರಡು ಯಾಕೆ ಅಂದ್ರೆ ಹಿಂದಿನ ಲೈಟ್ ಆರಿದ್ದು ಸವಾರನಿಗೆ ಗೊತ್ತೇ ಆಗಲ್ಲ, ಬೆನ್ನ ಹಿಂದೆ ಇರುತ್ತಲ್ಲ.

ಅದಕ್ಕಿಂತ ಮುಖ್ಯ, ಕೂರಿಸುವ ಜಾಗ. ಎಲ್ಲರೂ ಸೀಟ್‌ಪೋಸ್ಟಿಗೆ, ಅಂದರೆ ಸೀಟಿನ ಕೆಳಗಿನ ಕಂಬಿಗೆ ಕಟ್ಟುತ್ತಾರೆ. ಕ್ಯಾರಿಯರ್ ಮೇಲೆ ಬ್ಯಾಗು ಇಟ್ಟ ತಕ್ಷಣ ಲೈಟು ಅದರ ಹಿಂದೆ ಮರೆ. ನಿಮ್ಮದು ಕ್ಯಾರಿಯರ್ ಸೈಕಲ್ ಅಂದಿರಿ, ಹಾಗಾಗಿ ಕ್ಯಾರಿಯರಿನ ಹಿಂತುದಿಯಲ್ಲಿ ಬೋಲ್ಟ್ ಹಾಕಿ ಕೂರಿಸಿ. ಎರಡನೆಯದನ್ನು ಹೆಲ್ಮೆಟ್ ಹಿಂಭಾಗಕ್ಕೆ. ಲೈಟಿನ ಮುಖ ರಸ್ತೆಗೆ ಸಮವಾಗಿ ನೇರ ಹಿಂದಕ್ಕೆ ನೋಡಬೇಕು. ಸೀಟ್‌ಪೋಸ್ಟು ಓರೆ ಇರುವುದರಿಂದ ಅಲ್ಲಿ ಕಟ್ಟಿದ ಲೈಟು ಎಷ್ಟೋ ಸಲ ನೆಲವನ್ನೋ ಆಕಾಶವನ್ನೋ ನೋಡುತ್ತಿರುತ್ತೆ. ಎಲ್‌ಇಡಿಯ ಬೆಳಕು ನಡುವಲ್ಲಿ ತೀಕ್ಷ್ಣ, ಪಕ್ಕಕ್ಕೆ ಸರಿದಂತೆ ಬೇಗ ಮಂಕು. ಹತ್ತು ಡಿಗ್ರಿ ಓರೆಯಾದರೂ ದೂರದಿಂದ ವ್ಯತ್ಯಾಸ ಕಾಣುತ್ತೆ. ಕಟ್ಟಿದ ಮೇಲೆ 50 ಹೆಜ್ಜೆ ಹಿಂದೆ ಹೋಗಿ ಕಾರಿನ ಸೀಟಿನ ಎತ್ತರಕ್ಕೆ ಬಗ್ಗಿ ಒಮ್ಮೆ ನೋಡಿಬಿಡಿ.

ಇನ್ನೂರು_ಕಿಮೀ:
ಹಿಂದಿನ ಲೈಟಿನ ಬಗ್ಗೆ ಒಪ್ಪಿದೆ. ಮುಂದಿನದಕ್ಕೆ ಎಷ್ಟು ಬೇಕು ಅನ್ನೋದಕ್ಕೂ ಲೆಕ್ಕ ಇದೆ.

20 ಕಿ.ಮೀ. ವೇಗದಲ್ಲಿ ಒಂದೂವರೆ ಸೆಕೆಂಡಿಗೆ 8.3 ಮೀಟರ್, ಬ್ರೇಕ್ ಹಿಡಿದು ನಿಲ್ಲೋಕೆ ಸುಮಾರು 4 ಮೀಟರ್. ಒಟ್ಟು 12. ವೇಗ 25 ಆದರೆ 16 ಚಿಲ್ಲರೆ, 30 ಆದರೆ 21. ಇದು ಒಣ ರಸ್ತೆಗೆ. ರಿಮ್ ಬ್ರೇಕಿನ ಸೈಕಲ್ಲು ಮಳೆಯಲ್ಲಿ ನಿಲ್ಲೋಕೆ ಬೇಕಾದ ದೂರ ಸುಲಭವಾಗಿ ಎರಡರಷ್ಟಾಗುತ್ತೆ. ಆದ್ದರಿಂದ ನಿಮ್ಮ ವೇಗಕ್ಕೆ 20 ಮೀಟರ್ ದೂರದ ಹಂಪು, ಗುಂಡಿ ಗೊತ್ತಾಗುವಷ್ಟು ಬೆಳಕಿದ್ದರೆ ಸಾಕು.

ಬೀದಿದೀಪ ಇರುವಲ್ಲಿ 100 ಲ್ಯೂಮೆನ್ ಸಾಕು, ಅಲ್ಲಿ ಲೈಟ್ ಇರೋದು ಬೇರೆಯವರಿಗೆ ಕಾಣಿಸೋಕೆ. ಕಗ್ಗತ್ತಲ ರಸ್ತೆಯಲ್ಲಿ 300ರಿಂದ 400 ಲ್ಯೂಮೆನ್ ನಿಜವಾಗಿ ರಸ್ತೆ ಮೇಲೆ ಬಿದ್ದರೆ 25ರ ವೇಗದವರೆಗೆ ಆರಾಮ. 1000 ಬೇಕಾಗೋದು ಘಾಟಿ ಇಳಿಯುವವರಿಗೆ, ಕಾಡುದಾರಿಯಲ್ಲಿ ಎಂಟಿಬಿ (ಮೌಂಟನ್ ಬೈಕ್) ಓಡಿಸುವವರಿಗೆ. ಚಿಕ್ಕ ಲೈಟನ್ನು 1000ಕ್ಕೆ ಇಟ್ಟರೆ ಬಿಸಿಯಾಗಿ ತಾನೇ ಮಂಕಾಗುತ್ತೆ, ಒಂದು ಗಂಟೆಯಲ್ಲಿ ಬ್ಯಾಟರಿಯೂ ಖಾಲಿ.

ಡಬ್ಬಿ ಮೇಲಿನ ಸಂಖ್ಯೆಯ ವಿಷಯಕ್ಕೆ ಇನ್ನೊಂದು. "5 ಗಂಟೆ ಉರಿಯುತ್ತೆ" ಅಂತ ಬರೆದಿದ್ದರೆ 5 ಗಂಟೆಯೂ ಅದೇ ಬೆಳಕು ಅಂತ ತಿಳಿಯಬೇಡಿ. ಟಾರ್ಚುಗಳಿಗೆ ಬಳಸುವ ಎಎನ್‌ಎಸ್‌ಐ ಎಫ್‌ಎಲ್1 ಅಳತೆಯಲ್ಲಿ ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಹೊತ್ತನ್ನೆಲ್ಲ ಸೇರಿಸುತ್ತಾರೆ. ಕೊನೆಯ ಎರಡು ಗಂಟೆ ಅದು ಮೇಣದಬತ್ತಿ.

ಮ್ಯೂನಿಕ್_ಕನ್ನಡಿಗ:
ಲ್ಯೂಮೆನ್ ಲೆಕ್ಕ ಸರಿ, ಆದರೆ ಬೆಳಕಿನ ಆಕಾರದ ಮಾತು ಇನ್ನೂ ಯಾರೂ ಎತ್ತಿಲ್ಲ. ನನ್ನ ಪ್ರಕಾರ ದುಡ್ಡು ಹಾಕಬೇಕಾದ್ದು ಅಲ್ಲಿ.

ಟಾರ್ಚಿನಂಥ ಲೈಟು ದುಂಡಗೆ ಬೆಳಕು ಚೆಲ್ಲುತ್ತೆ. ಅದರಲ್ಲಿ ಅರ್ಧದಷ್ಟು ಮರದ ತುದಿಗೆ, ಎದುರಿನವರ ಕಣ್ಣಿಗೆ ಹೋಗಿ ವ್ಯರ್ಥ. ಇಲ್ಲಿ ಜರ್ಮನಿಯಲ್ಲಿ ಸೈಕಲ್ ಲೈಟಿಗೆ ಎಸ್‌ಟಿವಿಜೆಡ್‌ಒ ಅನ್ನುವ ರಸ್ತೆ ನಿಯಮ ಇದೆ. ಅದರಂತೆ ಒಪ್ಪಿಗೆ ಪಡೆದ ಲೈಟಿನ ಮೇಲೆ ಒಂದು ಅಲೆಯ ಗೆರೆ, ಕೆ ಅಕ್ಷರ, ಪಕ್ಕದಲ್ಲೊಂದು ಸಂಖ್ಯೆ ಇರುತ್ತೆ. ಇವುಗಳ ಬೆಳಕಿಗೆ ಮೇಲುಗಡೆ ಕತ್ತರಿಸಿದಂಥ ಅಂಚು ಇರುತ್ತೆ, ಕಾರಿನ ಡಿಪ್ ಲೈಟಿನ ಹಾಗೆ. ಇದ್ದಬದ್ದ ಬೆಳಕೆಲ್ಲ ರಸ್ತೆಗೇ ಬೀಳುತ್ತೆ. ದೂರದ ಭಾಗಕ್ಕೆ ಹೆಚ್ಚು, ಗಾಲಿಯ ಬುಡಕ್ಕೆ ಕಡಿಮೆ. ಇಂಥ 150 ಲ್ಯೂಮೆನ್ನಿನ ಲೈಟು ದುಂಡು ಬೆಳಕಿನ 400 ಲ್ಯೂಮೆನ್ನಿಗೆ ಡಾಂಬರು ರಸ್ತೆಯಲ್ಲಿ ಸಾಟಿ ಅಂತ ಧೈರ್ಯವಾಗಿ ಹೇಳ್ತೀನಿ. ಇವುಗಳ ಡಬ್ಬಿ ಮೇಲೆ ಲ್ಯೂಮೆನ್ ಬದಲು ಲಕ್ಸ್ ಬರೆದಿರ್ತಾರೆ. 10 ಮೀಟರ್ ದೂರದಲ್ಲಿ ಅತಿ ಪ್ರಖರವಾದ ಜಾಗದ ಅಳತೆ ಅದು. ಬುಶ್ ಆಂಡ್ ಮ್ಯೂಲರ್ ಈ ಬಗೆಯ ಲೈಟು ಮಾಡುವ ಹಳೇ ಕಂಪನಿ.

ದುಂಡು ಬೆಳಕಲ್ಲಿ ಇನ್ನೊಂದು ತೊಂದರೆ: ಗಾಲಿಯ ಮುಂದೆ ಮೂರು ಮೀಟರ್ ಬೆಳ್ಳಗೆ ಹೊಳೆಯುತ್ತೆ. ಕಣ್ಣು ಆ ಬೆಳಕಿಗೆ ಹೊಂದಿಕೊಂಡು ಅದರಾಚೆಯ ಕತ್ತಲು ಇನ್ನೂ ದಟ್ಟವಾಗುತ್ತೆ. ಜಾಸ್ತಿ ಲ್ಯೂಮೆನ್ ಹಾಕಿದವರೂ "ದೂರ ಕಾಣಲ್ಲ" ಅನ್ನೋದು ಇದಕ್ಕೇ.

ಕತ್ತಲದಾರಿ:
ಅಂಥ ಅಂಚು ಇರುವ ಲೈಟು ನಮ್ಮೂರಲ್ಲಿ ಸಿಗಲ್ಲ, ತರಿಸಿದರೆ ಬಜೆಟ್ ದಾಟುತ್ತೆ. ದುಂಡು ಬೆಳಕಿನದನ್ನೇ ಎದುರಿನವರಿಗೆ ಕುಕ್ಕದ ಹಾಗೆ ಇಡೋದು ಹೇಗೆ?

ರಿಪೇರಿಮನೆ:
ಗೋಡೆ ಸಾಕು, ಟೇಪು ಸಾಕು.

ಸೈಕಲ್ ಗೋಡೆಗೆ ನೇರವಾಗಿ ನಿಲ್ಲಲಿ, ಲೈಟಿನಿಂದ ಗೋಡೆಗೆ 5 ಮೀಟರ್. ಸೀಟಿನ ಮೇಲೆ ನೀವು ಕೂತಿರಬೇಕು, ಕ್ಯಾರಿಯರಲ್ಲಿ ದಿನದ ಬ್ಯಾಗು ಇರಬೇಕು. ಸಸ್ಪೆನ್ಷನ್ ಫೋರ್ಕ್ ಇದ್ದರೆ ಕೂತಾಗ ಮೂತಿ ತಗ್ಗುತ್ತೆ, ಖಾಲಿ ಸೈಕಲ್ಲಿನ ಅಳತೆ ಅದಕ್ಕೇ ತಪ್ಪುತ್ತೆ. ಹ್ಯಾಂಡಲ್ ಮೇಲಿನ ಲೈಟು ಸುಮಾರು 100 ಸೆಂ.ಮೀ. ಎತ್ತರ ಇರುತ್ತೆ. ಬೆಳಕಿನ ನಡು 20 ಮೀಟರ್ ದೂರದಲ್ಲಿ ನೆಲ ಮುಟ್ಟಬೇಕು ಅಂದರೆ ಗೋಡೆಯ ಮೇಲೆ ಅದು 75 ಸೆಂ.ಮೀ. ಎತ್ತರದಲ್ಲಿ ಬೀಳಬೇಕು. 15 ಮೀಟರ್ ಸಾಕು ಅಂದರೆ 67. ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಲ್ಲಿಗೆ ತಿರುಗಿಸಿ ಬಿಗಿ ಮಾಡಿ. ನಿಮ್ಮ ವೇಗಕ್ಕೆ 67ರಿಂದ 75ರ ನಡುವೆ ಎಲ್ಲಾದರೂ ಸರಿ. ಅಂಚಿರುವ ಲೈಟಾದರೆ ಮೇಲಂಚು ಲೈಟಿನ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಇರಲಿ, ಅಷ್ಟೇ.

ಆಮೇಲೆ ನೋಡಬೇಕಾದ್ದು ಹಿಡಿತ. ರಬ್ಬರ್ ಪಟ್ಟಿಯ ಲೈಟು ಕಿತ್ತ ರಸ್ತೆಯಲ್ಲಿ ಎರಡು ಕಿ.ಮೀ. ಹೋಗುವಷ್ಟರಲ್ಲಿ ತಲೆ ತಗ್ಗಿಸಿರುತ್ತೆ. ಹಳೇ ಟ್ಯೂಬಿನ ಮೂರು ಬೆರಳಗಲದ ತುಂಡು ಕತ್ತರಿಸಿ ಹ್ಯಾಂಡಲ್ಲಿಗೆ ಸುತ್ತಿ ಅದರ ಮೇಲೆ ಲೈಟು ಕಟ್ಟಿ. ಒಳಮೈ ಹೊರಗೆ ಬರಲಿ, ಆದರೆ ಅದರ ಮೇಲಿನ ಬಿಳೀ ಪುಡಿ ಮೊದಲು ಒರೆಸಿಬಿಡಿ, ಇಲ್ಲದಿದ್ದರೆ ಇನ್ನೂ ಜಾರುತ್ತೆ. ಬ್ರೇಕ್ ಕೇಬಲ್ಲು ಲೈಟಿನ ಮುಂದೆ ಹಾದುಹೋದರೆ ರಸ್ತೆ ನಡುವೆ ಕಪ್ಪು ಪಟ್ಟೆ ಕಾಣುತ್ತೆ. ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ಪರೀಕ್ಷೆ ಮಾಡಿ.

ಘಟಪ್ರಭಾ:
ಎಲ್ಲಾರೂ ಕಾರಿಂದು ಲೆಕ್ಕ ಹೇಳಾಕತ್ತೀರಿ. ನಮ್ಮ ಕಡೆ ರಾತ್ರಿ ಸೈಕಲ್ಲಿಗೆ ದೊಡ್ಡ ಅಪಾಯ ಅಂದ್ರ ಕಬ್ಬಿನ ಟ್ರ್ಯಾಕ್ಟರ್ ನೋಡ್ರಿ. ಕಾರ್ಖಾನಿ ಚಾಲೂ ಇದ್ದಾಗ ಎರಡೆರಡು ಟ್ರೇಲರ್ ಹಚ್ಚಿಕೊಂಡು ಹೊಂಟಿರ್ತಾವ. ಹಿಂದ ಲೈಟ್ ಇರಂಗಿಲ್ಲ. ರಿಫ್ಲೆಕ್ಟರ್ ಇದ್ರೂ ಅದರ ಮ್ಯಾಲ ರವದಿ (ಕಬ್ಬಿನ ಒಣ ಗರಿ) ಜೋತುಬಿದ್ದಿರತೈತಿ. ನಿಂತ ಟ್ರೇಲರ್ ಗಾಲಿಗೆ ಕಲ್ಲು ಕೊಟ್ಟಿರ್ತಾರ, ಟ್ರ್ಯಾಕ್ಟರ್ ಹೋದ ಮ್ಯಾಲೂ ಕಲ್ಲು ರಸ್ತೆದಾಗ ಹಂಗ ಬಿದ್ದಿರತಾವ. ಸುಗ್ಗಿ ಬಂತು ಅಂದ್ರ ರಸ್ತೆ ಮ್ಯಾಲ ಕಣ. ಅದರ ಸುತ್ತ ಮತ್ತ ಸಾಲು ಕಲ್ಲು.

ಇದಕ್ಕ ನೆಲ ಅಷ್ಟ ಬೆಳಗಿದ್ರ ಸಾಲಂಗಿಲ್ಲ. ಟ್ರೇಲರಿನ ಕಬ್ಬು ತಲಿ ಎತ್ತರಕ್ಕ ಹಿಂದ ಚಾಚಿರತೈತಿ. ಅಂಚು ಕತ್ತರಿಸಿದ ಲೈಟಿನ್ಯಾಗ ಅದು ಕಾಣಂಗಿಲ್ಲ. ಅದಕ್ಕ ಹೆಲ್ಮೆಟ್ ಮ್ಯಾಲ ಒಂದು 150 ಲ್ಯೂಮೆನ್ನಿನ ಸಣ್ಣ ಲೈಟ್ ಬೇಕೇ ಬೇಕು. ತಲಿ ಎತ್ತಕಡೆ ತಿರುಗಿತು ಬೆಳಕು ಅತ್ತಕಡೆ. ತಿರುವಿನ್ಯಾಗ ಹ್ಯಾಂಡಲ್ ಲೈಟ್ ಹೊಲದ ಕಡೆ ನೋಡತಿರತೈತಿ, ಹೆಲ್ಮೆಟ್ ಲೈಟ್ ರಸ್ತಾ ತೋರಸತೈತಿ. ನಾಯಿ ಬೆನ್ನ ಹತ್ತಿದ್ರ ಅದರ ಕಣ್ಣಿಗೆ ಹಿಡದ್ರ ಒಂದು ಗಳಿಗಿ ತಡೀತಾವ.

ಇನ್ನೂರು_ಕಿಮೀ:
ಹೆಲ್ಮೆಟ್ ಲೈಟು ಜೊತೆಗೆ ಇರಲಿ, ಅದೊಂದನ್ನೇ ನಂಬಬಾರದು. ಗುಂಡಿ ಗೊತ್ತಾಗೋದು ಅದರ ನೆರಳಿನಿಂದ. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಟರೆ ನೆರಳು ಗುಂಡಿಯ ಹಿಂದೆ ಅಡಗಿ ರಸ್ತೆ ಚಪ್ಪಟೆ ಕಾಣುತ್ತೆ. ಹ್ಯಾಂಡಲ್ ಮೇಲಿನ ಲೈಟು ಕಣ್ಣಿಗಿಂತ ಅರ್ಧ ಮೀಟರಾದರೂ ಕೆಳಗಿರುತ್ತೆ, ಫೋರ್ಕಿನ ತಲೆಗೆ ಕಟ್ಟಿದ್ದು ಇನ್ನೂ ಕೆಳಗೆ. ಅಲ್ಲಿಂದ ಹೊರಟ ಬೆಳಕಲ್ಲಿ ಚಿಕ್ಕ ತಗ್ಗಿಗೂ ಉದ್ದ ಕಪ್ಪು ನೆರಳು ಬೀಳುತ್ತೆ. ಮಂಜಿನಲ್ಲಂತೂ ಹೆಲ್ಮೆಟ್ ಲೈಟು ಆರಿಸಲೇಬೇಕು, ಮಂಜಿನ ಹನಿಗೆ ಬಡಿದ ಬೆಳಕು ನೇರ ಕಣ್ಣಿಗೇ ವಾಪಸ್ ಬಂದು ಬಿಳೀ ಪರದೆ ಕಟ್ಟುತ್ತೆ. ಚಾರ್ಮಾಡಿ, ಮಡಿಕೇರಿ ಕಡೆ ಹೋಗುವವರು ಮುಂದಿನ ಲೈಟನ್ನು ಆದಷ್ಟು ಕೆಳಗೆ ಕಟ್ಟಿ, ಬೆಳಕು ಕಡಿಮೆ ಮಾಡಿ.

ಕಣದ ವಿಷಯಕ್ಕೆ ಒಂದು ಮಾತು. ನಮ್ಮ ಹಳೇ ಮೈಸೂರು ಕಡೆ ರಸ್ತೆಗೆ ಹಾಕುವ ಹುರುಳಿ ಬಳ್ಳಿ ಗಾಲಿಯ ಹಬ್ಬಿಗೆ, ಚೈನನ್ನು ಗೇರಿಂದ ಗೇರಿಗೆ ಸರಿಸುವ ಡಿರೇಲರಿಗೆ ಸುತ್ತಿಕೊಳ್ಳುತ್ತೆ. ಒಮ್ಮೆ ಸಿಕ್ಕಿಕೊಂಡ ಮೇಲೆ ತುಳಿದರೆ ಡಿರೇಲರ್ ಕೊಕ್ಕೆ ಮುರಿಯುತ್ತೆ. ಇಳಿದು ತಳ್ಳಿಕೊಂಡು ದಾಟೋದೇ ಸರಿ.

ಕತ್ತಲದಾರಿ:
ಎದುರಿನಿಂದ ಹೈ ಬೀಮ್ ಬಂದಾಗ? ಎರಡು ಮೂರು ಸೆಕೆಂಡ್ ಏನೂ ಕಾಣಲ್ಲ.

ಇನ್ನೂರು_ಕಿಮೀ:
ಹೆಲ್ಮೆಟ್ಟಿನ ಕೆಳಗೆ ಮುಂಭಾಗಕ್ಕೆ ಚಾಚಿದ ಬಟ್ಟೆಯ ಟೋಪಿ ಹಾಕಿ, ಅಥವಾ ಪೀಕ್ ಇರುವ ಹೆಲ್ಮೆಟ್. ಲೈಟು ಹತ್ತಿರ ಬಂದಾಗ ತಲೆ ಸ್ವಲ್ಪ ತಗ್ಗಿಸಿದರೆ ಟೋಪಿಯ ಅಂಚು ಆ ಬೆಳಕನ್ನು ಮುಚ್ಚುತ್ತೆ, ನಿಮ್ಮ ಮುಂದಿನ ಹತ್ತು ಹದಿನೈದು ಮೀಟರ್ ಕಾಣ್ತಾನೇ ಇರುತ್ತೆ. ಕಣ್ಣು ಎಡಗಡೆ ರಸ್ತೆ ಅಂಚಿನ ಬಿಳಿ ಗೆರೆ ಮೇಲಿರಲಿ. ಗೆರೆ ಇಲ್ಲದ ರಸ್ತೆಯಲ್ಲಿ ಕಾಲು ನಿಲ್ಲಿಸಿ ವೇಗ ಇಳಿಸೋದೊಂದೇ ದಾರಿ. ಗಾಬರಿಯಲ್ಲಿ ಎಡಕ್ಕೆ ಎಳೆದರೆ ಕಿತ್ತ ಡಾಂಬರಿನ ಅಂಚಿಂದ ಗಾಲಿ ಜಾರುತ್ತೆ, ಮತ್ತೆ ಹತ್ತಿಸೋಕೆ ಹೋದರೆ ಬೀಳೋದು ಖಂಡಿತ.

ಕನ್ನಡಕ ಹಾಕಿ, ಬಿಳೀ ಗಾಜಿನದು. ಹುಳ ಲೈಟಿಗೆ ಮುತ್ತಿ ಕಣ್ಣಿಗೆ ಬರುತ್ತೆ. ಹಳದಿ ಗಾಜು ರಾತ್ರಿ ಚೆನ್ನಾಗಿ ಕಾಣಿಸುತ್ತೆ ಅಂತ ಮಾರುತ್ತಾರೆ. ಕತ್ತಲಲ್ಲಿ ಯಾವ ಬಣ್ಣದ ಗಾಜಾದರೂ ಬೆಳಕನ್ನು ಕಡಿಮೆ ಮಾಡುತ್ತೆ, ಹೆಚ್ಚು ಮಾಡಲ್ಲ.

ಕಡಲೂರು_ಸವಾರ:
ಹಿಂದಿನ ಲೈಟು ಮಿನುಗಿಸಬೇಕಾ, ಸುಮ್ಮನೆ ಉರಿಸಬೇಕಾ? ಯಾರೂ ಹೇಳಲಿಲ್ಲ ಮಾರಾಯ್ರೆ. ನಾನಂತೂ ಮಿನುಗುವುದೇ ಸರಿ ಅಂತೇನೆ. ಬೇಗ ಕಣ್ಣಿಗೆ ಬೀಳ್ತದೆ, ಬ್ಯಾಟರಿಯೂ ಉಳೀತದೆ.

ಮ್ಯೂನಿಕ್_ಕನ್ನಡಿಗ:
ಕಣ್ಣಿಗೆ ಬೀಳೋದು ನಿಜ. ಆದರೆ ಎಷ್ಟು ದೂರದಲ್ಲಿದೆ, ಎಷ್ಟು ಬೇಗ ಹತ್ತಿರ ಆಗ್ತಿದೆ ಅಂತ ಅಂದಾಜು ಮಾಡೋಕೆ ಚಾಲಕನಿಗೆ ನಿಂತ ಬೆಳಕು ಬೇಕು. ಕಗ್ಗತ್ತಲಲ್ಲಿ ಆರಿ ಹತ್ತುವ ಒಂದೇ ಚುಕ್ಕೆ ಪ್ರತಿಸಲವೂ ಬೇರೆ ಕಡೆ ಹತ್ತಿದ ಹಾಗೆ ಅನ್ನಿಸುತ್ತೆ. ಇಲ್ಲಿ ಸೈಕಲ್ಲಿಗೆ ಮಿನುಗುವ ಲೈಟು ಹಾಕೋಕೇ ಬಿಡಲ್ಲ.

ರಿಪೇರಿಮನೆ:
ಎರಡು ಲೈಟು ಅಂದಿದ್ದೆನಲ್ಲ, ಅಲ್ಲಿಗೆ ಜಗಳ ಮುಗೀತು. ಕ್ಯಾರಿಯರಿನದು ನಿಂತು ಉರಿಯಲಿ, ಹೆಲ್ಮೆಟ್ಟಿನದು ನಿಧಾನವಾಗಿ ಮಿನುಗಲಿ. ಊರೊಳಗೆ ನೂರು ಕೆಂಪು ದೀಪದ ನಡುವೆ ಮಿನುಗುವುದಕ್ಕೆ ಬೆಲೆ, ಊರಾಚೆ ನಿಂತು ಉರಿಯುವುದಕ್ಕೆ. ಮುಂದಿನ ಬಿಳಿ ಲೈಟನ್ನು ಮಾತ್ರ ರಾತ್ರಿ ಮಿನುಗಿಸಬೇಡಿ. ಎದುರಿನವರಿಗೂ ಹಿಂಸೆ, ನಿಮಗೂ ರಸ್ತೆ ತುಂಡುತುಂಡಾಗಿ ಕಾಣುತ್ತೆ. ಗುಂಪಲ್ಲಿ ಹೋಗುವಾಗ ಹಿಂದಿನ ಲೈಟೂ ಕಡಿಮೆ ಬೆಳಕಲ್ಲಿ ನಿಂತು ಉರಿಯಲಿ. ಬೆನ್ನಿಗೇ ಬರುವವರ ಕಣ್ಣು ಅದರಿಂದ ಐದೇ ಅಡಿ ದೂರ.

ಕಡಲೂರು_ಸವಾರ:
ಸರಿ, ಒಪ್ಪಿದೆ. ನನಗೆ ಗೊತ್ತಿರುವುದು ಮಳೆ, ಅದನ್ನು ಹೇಳ್ತೇನೆ.

ಡಬ್ಬಿಯಲ್ಲಿ ಐಪಿಎಕ್ಸ್4 ಅಂತ ಇದ್ದರೆ ಎರಚುವ ನೀರಿಗೆ ಮಾತ್ರ. ನಮ್ಮ ಜೂನ್ ಜುಲೈ ಮಳೆಗೆ ಐಪಿಎಕ್ಸ್6 ಬೇಕು, ಅದು ರಭಸದ ನೀರಿಗೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿದರೂ ತಡೀತದೆ ಅಂತ. ಹಿಂದಿನ ಲೈಟು ಮುಂದಿನದಕ್ಕಿಂತ ಬೇಗ ಸಾಯ್ತದೆ, ಯಾಕಂದ್ರೆ ಹಿಂದಿನ ಗಾಲಿ ಕೆಸರನ್ನು ನೇರ ಅದಕ್ಕೇ ಎರಚುವುದು. ಮಡ್‌ಗಾರ್ಡ್ ಇದ್ದರೆ ಲೈಟಿನ ಆಯಸ್ಸೂ ಹೆಚ್ಚು, ಕೆಂಪು ಗಾಜೂ ಸ್ವಚ್ಛ.

ಹಾಳಾಗುವುದು ಹೆಚ್ಚಾಗಿ ಚಾರ್ಜಿಂಗ್ ತೂತಿನಿಂದ. ರಬ್ಬರ್ ಮುಚ್ಚಳ ಸಡಿಲ ಆಗಿ ನೀರು ಒಳಗೆ ಕೂತಿರ್ತದೆ, ಮನೆಗೆ ಬಂದವರು ಒದ್ದೆಯಲ್ಲೇ ಚಾರ್ಜಿಗೆ ಹಾಕ್ತಾರೆ, ಪಿನ್ ಹಸಿರುಗಟ್ಟಿ ಹೋಗ್ತದೆ. ಮುಚ್ಚಳ ತೆಗೆದು ಫ್ಯಾನಿನ ಕೆಳಗೆ ರಾತ್ರಿಯಿಡೀ ಇಡಿ, ಬೆಳಿಗ್ಗೆ ಚಾರ್ಜ್ ಮಾಡಿ. ಸೆಲ್ ಹಾಕುವ ಲೈಟಾದರೆ ರಬ್ಬರ್ ಉಂಗುರಕ್ಕೆ ಸಿಲಿಕಾನ್ ಗ್ರೀಸ್ ಸವರಿ. ವ್ಯಾಸಲಿನ್ ಬೇಡ, ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬಿ ಹಾಳಾಗ್ತದೆ.

ಮತ್ತೆ ಆ ಕಪ್ಪು ರೇನ್‌ಕೋಟು! ಒಳಗೆ ಎಷ್ಟು ಹೊಳೆಯುವ ವೆಸ್ಟ್ ಹಾಕಿದರೂ ಮೇಲೆ ಕಪ್ಪು ರೇನ್‌ಕೋಟು ಎಳೆದರೆ ಮುಗೀತು. ಹಿಂಬದಿ ಜೋತುಬಿದ್ದು ಸೀಟಿನ ಕೆಳಗಿನ ಲೈಟನ್ನೂ ಮುಚ್ತದೆ. ವೆಸ್ಟನ್ನು ರೇನ್‌ಕೋಟಿನ ಮೇಲೆ ಹಾಕಿ.

ಕತ್ತಲದಾರಿ:
ವೆಸ್ಟ್ ಅಂದಿರಿ. ಗಿಳಿಹಸಿರು ಬಣ್ಣದ ಟೀ ಶರ್ಟ್ ಸಾಲದಾ?

ಇನ್ನೂರು_ಕಿಮೀ:
ಸಾಲದು. ಆ ಬಣ್ಣ ಹೊಳೆಯೋದು ಬಿಸಿಲಿನ ಅತಿನೇರಳೆ ಕಿರಣದಿಂದ. ಸೂರ್ಯ ಮುಳುಗಿದ ಮೇಲೆ ಅದು ಬರೀ ತಿಳಿ ಬಣ್ಣದ ಬಟ್ಟೆ. ರಾತ್ರಿಗೆ ಬೇಕಾದ್ದು ಬೆಳಕನ್ನು ಬಂದ ದಾರಿಗೇ ಹಿಂತಿರುಗಿಸುವ ಬೂದು ಬೆಳ್ಳಿ ಪಟ್ಟಿ. ಐಎಸ್‌ಒ 20471 ಗುರುತಿನ ವೆಸ್ಟಿನಲ್ಲಿ ಆ ಪಟ್ಟಿ ಕನಿಷ್ಠ 50 ಮಿ.ಮೀ. ಅಗಲ ಇರುತ್ತೆ. ರಸ್ತೆ ಕೆಲಸದವರು ಹಾಕುವಂಥದ್ದು, ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ. ಆಡಾಕ್ಸ್ ಇಂಡಿಯಾ ನಡೆಸುವ ಬಿಆರ್‌ಎಂ ಅನ್ನೋ ದೂರದ ಸೈಕಲ್ ಸವಾರಿಗಳಲ್ಲಿ ಕತ್ತಲಾದ ಮೇಲೆ ಮುಂದೆ ಹಿಂದೆ ಲೈಟು, ಮೈಮೇಲೆ ಹೊಳೆಯುವ ವೆಸ್ಟು ಕಡ್ಡಾಯ. 300 ಕಿ.ಮೀ.ಗೆ 20 ಗಂಟೆ, 400ಕ್ಕೆ 27 ಗಂಟೆ ಕಾಲಾವಕಾಶ ಇರುವುದರಿಂದ ರಾತ್ರಿ ತಪ್ಪಿದ್ದಲ್ಲ.

ವೆಸ್ಟಿಗಿಂತಲೂ ಮೊದಲು ಕಾಲಿನ ಪಟ್ಟಿ ತಗೊಳ್ಳಿ ಅಂತ ನಾನು ಹೇಳೋದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದವರು ವಾಹನ ಸಂಚಾರ ಇಲ್ಲದ ರಸ್ತೆಯಲ್ಲಿ ರಾತ್ರಿ ಚಾಲಕರನ್ನು ಓಡಿಸಿ ಪರೀಕ್ಷೆ ಮಾಡಿದ್ದರು. ಕಪ್ಪು ಬಟ್ಟೆಯ ಸೈಕಲ್ ಸವಾರನನ್ನು ಗುರುತಿಸಿದ್ದು ನೂರಕ್ಕೆ 2 ಸಲ, ಗಿಳಿಹಸಿರಿನಂಥ ಹೊಳಪು ಬಣ್ಣದ ವೆಸ್ಟಿಗೆ 15, ಬೆಳ್ಳಿ ಪಟ್ಟಿಯ ವೆಸ್ಟಿಗೆ 50, ಅದರ ಜೊತೆ ಮಂಡಿಗೂ ಹರಡಿಗೂ (ಪಾದದ ಮೇಲಿನ ಗಂಟು) ಪಟ್ಟಿ ಕಟ್ಟಿದಾಗ 90. ಪೆಡಲ್ ತುಳಿಯುವ ಕಾಲು ಮೇಲೆ ಕೆಳಗೆ ಆಡುತ್ತಲ್ಲ, ಆ ಚಲನೆ ಕಂಡ ಕೂಡಲೇ ಮೆದುಳಿಗೆ ಇದು ಮನುಷ್ಯ ಅಂತ ಹೊಳೆಯುತ್ತೆ. ಬೆನ್ನ ಮೇಲಿನ ಪಟ್ಟಿ ರಸ್ತೆ ಬದಿಯ ಫಲಕವೂ ಇರಬಹುದು. ಎರಡು ಹರಡಿಗೆ ಎರಡು ವೆಲ್ಕ್ರೋ ಪಟ್ಟಿ, ಪ್ಯಾಂಟು ಚೈನಿಗೆ ಸಿಗದ ಹಾಗೂ ಆಯ್ತು.

ರಿಪೇರಿಮನೆ:
ಸೈಕಲ್ಲಿಗೂ ಅಂಟಿಸಿ. ಆಟೊಮೊಬೈಲ್ ಅಂಗಡಿಯಲ್ಲಿ ಲಾರಿಗೆ ಹಾಕುವ ರಿಫ್ಲೆಕ್ಟಿವ್ ಟೇಪು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಹಿಂದಕ್ಕೆ ಕೆಂಪು, ಮುಂದಕ್ಕೆ ಬಿಳಿ, ಪಕ್ಕಕ್ಕೆ ಹಳದಿ. ಅದಲುಬದಲು ಮಾಡಬೇಡಿ, ಮುಂದೆ ಕೆಂಪು ಹಚ್ಚಿದರೆ ಎದುರಿನವರು ನೀವು ಅವರ ದಿಕ್ಕಲ್ಲೇ ಹೋಗ್ತಿದ್ದೀರಿ ಅಂದುಕೊಳ್ತಾರೆ. ಒಂದು ಮೀಟರ್ ಕೆಂಪು, ಅರ್ಧ ಮೀಟರ್ ಬಿಳಿ, ಒಂದು ಮೀಟರ್ ಹಳದಿ ಇದ್ದರೆ ಒಂದು ಸೈಕಲ್ಲಿಗೆ ಮಿಕ್ಕುತ್ತೆ. ಹಿಂದಿನ ಮಡ್‌ಗಾರ್ಡಿನ ತುದಿ, ಕ್ಯಾರಿಯರಿನ ಕಾಲು, ಫೋರ್ಕಿನ ಎರಡು ಕಡೆ, ಪೆಡಲ್ ಕ್ರ್ಯಾಂಕಿನ ಹಿಂಬದಿ. ಗ್ರೀಸು ಹೋಗುವ ಹಾಗೆ ಸ್ಪಿರಿಟ್ಟಿನಲ್ಲಿ ಒರೆಸಿ, ಆರಿದ ಮೇಲೆ ಅಂಟಿಸಿ, ಹೆಬ್ಬೆರಳಲ್ಲಿ ಒತ್ತಿ ಉಜ್ಜಿ. ಮೂಲೆಗಳನ್ನು ಕತ್ತರಿಯಲ್ಲಿ ದುಂಡು ಮಾಡಿಕೊಳ್ಳಿ. ಚೂಪು ಮೂಲೆಯಿಂದಲೇ ಟೇಪು ಏಳೋದು. ರಿಮ್ಮಿನಲ್ಲಿ ಬ್ರೇಕ್ ಕಟ್ಟೆ ಉಜ್ಜುವ ಜಾಗಕ್ಕೆ ಮಾತ್ರ ಬೇಡ.

ಅಡ್ಡರಸ್ತೆಯಿಂದ ನುಗ್ಗುವವನಿಗೆ ಇದ್ಯಾವುದೂ ಕಾಣಲ್ಲ ಅನ್ನೋದು ನೆನಪಿರಲಿ. ಅವನ ಲೈಟು ನಿಮ್ಮ ಮೇಲೆ ಬಿದ್ದರೆ ತಾನೆ ಹೊಳೆಯೋದು. ಅಲ್ಲಿ ಕಾಯೋದು ನಿಮ್ಮ ಮುಂದಿನ ಲೈಟು ಮತ್ತು ಬೆಲ್ಲು.

ಘಟಪ್ರಭಾ:
ಅಣ್ಣಾರ, ಹಳೇ 22 ಇಂಚಿನ ಸೈಕಲ್ಲಿಗೆ ಬಾಟ್ಲಿ ಡೈನಮೊ ಐತಿ, ಅದನ್ನ ಚಾಲೂ ಮಾಡೂದೋ ತೆಗದ ಒಗಿಯೂದೋ? ಹಾಲು ಹಾಕೋರು ಭಾಳ ಮಂದಿ ಇದನ್ನ ಕೇಳ್ತಾರ.

ರಿಪೇರಿಮನೆ:
ತೆಗೀಬೇಡಿ, ಚಾರ್ಜಿನ ಚಿಂತೆ ಇಲ್ಲದ ಲೈಟು ಅದು. 6 ವೋಲ್ಟ್ 3 ವ್ಯಾಟ್. ಮುಂದಿನ ಬಲ್ಬು 2.4, ಹಿಂದಿನದು 0.6 ವ್ಯಾಟ್. ಹಿಂದಿನ ವೈರು ತುಂಡಾದರೆ ಆ ಕರೆಂಟೂ ಮುಂದಿನ ಬಲ್ಬಿಗೇ ಹರಿದು ಅದು ಸುಟ್ಟುಹೋಗುತ್ತೆ. ಮುಂದಿನ ಬಲ್ಬು ಪದೇಪದೇ ಹೋಗ್ತಿದ್ದರೆ ಮೊದಲು ಹಿಂದಿನ ವೈರು ನೋಡಿ.

ಬೆಳಕು ಬರದಿದ್ದರೆ ಹೆಚ್ಚಾಗಿ ತಪ್ಪು ಅರ್ಥಿಂಗಿನದು. ವೈರು ಒಂದೇ, ವಾಪಸ್ ದಾರಿ ಸೈಕಲ್ಲಿನ ಫ್ರೇಮೇ. ಡೈನಮೊ ಕ್ಲಾಂಪಿನ ಚೂಪು ಸ್ಕ್ರೂ ಪೇಂಟು ಕೊರೆದು ಕಬ್ಬಿಣ ಮುಟ್ಟಬೇಕು. ತುಕ್ಕು ಹಿಡಿದಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ. ಇನ್ನು ಬಾಟ್ಲಿಯ ನಡುಗೆರೆ ಗಾಲಿಯ ಆಕ್ಸಲ್ಲಿನ ನಡುವಿಗೆ ನೇರ ನೋಡಬೇಕು. ಓರೆಯಾದರೆ ರೋಲರು ಟೈರಿನ ಪಕ್ಕೆ ಕೊರೆಯುತ್ತೆ, ಸದ್ದು ಮಾಡುತ್ತೆ, ಪೆಡಲೂ ಭಾರ. ಮಳೆಯಲ್ಲಿ ಜಾರಿದರೆ ರೋಲರಿಗೆ ರಬ್ಬರ್ ಟೋಪಿ ಸಿಗುತ್ತೆ.

ನಿಂತಾಗ ಲೈಟು ಆರೋದು ಇದರ ದೊಡ್ಡ ದೋಷ. ಅದಕ್ಕೆ ಹಿಂದೊಂದು ಬ್ಯಾಟರಿ ಲೈಟು ಬೇಕೇ ಬೇಕು. ಎಲ್‌ಇಡಿ ಬಲ್ಬು ಹಾಕೋದಾದರೆ ಎಸಿ ಕರೆಂಟಿಗೆ ನಡೆಯುವಂಥದ್ದೇ ಕೇಳಿ ತಗೊಳ್ಳಿ, ಡೈನಮೊ ಕೊಡೋದು ಎಸಿ.

ಕತ್ತಲದಾರಿ:
ಬ್ಯಾಟರಿ ಲೆಕ್ಕವನ್ನೂ ಒಮ್ಮೆ ಹೇಳಿಬಿಡಿ. ದಿನಾ ಚಾರ್ಜ್ ಮಾಡಬೇಕಾ?

ಇನ್ನೂರು_ಕಿಮೀ:
ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಅಂತ ಹಿಡಿಯಿರಿ. 400 ಲ್ಯೂಮೆನ್ನಿಗೆ 4 ವ್ಯಾಟ್. ಹೆಚ್ಚಿನ ಲೈಟುಗಳಲ್ಲಿರೋದು 18650 ಸೆಲ್. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. 3000 ಎಂಎಎಚ್ ಸೆಲ್ಲಿನಲ್ಲಿ ಸುಮಾರು 11 ವ್ಯಾಟ್ ಗಂಟೆ, ಅಂದರೆ ಎರಡೂವರೆ ಗಂಟೆ ಚಿಲ್ಲರೆ. ನಿಮ್ಮ ಕತ್ತಲ 9 ಕಿ.ಮೀ. 27 ನಿಮಿಷ. ಊರೊಳಗಿನ ಕಾಲು ಗಂಟೆ 100 ಲ್ಯೂಮೆನ್ನಲ್ಲಿ. ಎರಡೂ ಸೇರಿ ದಿನಕ್ಕೆ 2 ವ್ಯಾಟ್ ಗಂಟೆ. ಐದು ದಿನ ಬರುತ್ತೆ, ಮೂರು ದಿನಕ್ಕೊಮ್ಮೆ ಚಾರ್ಜ್ ಮಾಡಿ. ಹಿಂದಿನದನ್ನೂ ಅದೇ ದಿನ ಹಾಕಿ, ಆಗ ಮರೆಯಲ್ಲ.

ಬೇರೆ ಸೆಲ್ ಕೊಳ್ಳುವಾಗ 9900 ಎಂಎಎಚ್ ಅಂತ ಬರೆದ 18650 ಕಂಡರೆ ಮುಟ್ಟಬೇಡಿ. ಆ ಗಾತ್ರದ ಒಳ್ಳೆಯ ಸೆಲ್ಲುಗಳೇ 3500ರ ಆಸುಪಾಸು. ತಕ್ಕಡಿಗೆ ಹಾಕಿದರೂ ಗೊತ್ತಾಗುತ್ತೆ, ಅಸಲಿ ಸೆಲ್ಲು 45 ಗ್ರಾಂ ಹತ್ತಿರ ಇರುತ್ತೆ, ನಕಲಿ ಅದಕ್ಕಿಂತ ಎಷ್ಟೋ ಹಗುರ.

ಬ್ಯಾಗಿನಲ್ಲಿ ಒಂದು ಟ್ಯೂಬು, ಎರಡು ಟೈರ್ ಲಿವರ್, ಪಂಪು ಇರಲಿ. ಕತ್ತಲಲ್ಲಿ ತೂತು ಹುಡುಕಿ ಸೊಲ್ಯೂಷನ್ ಹಚ್ಚುತ್ತಾ ಕೂರಬೇಡಿ, ಟ್ಯೂಬೇ ಬದಲಿಸಿ. ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯದೆ ಹೊಸ ಟ್ಯೂಬು ಹಾಕಿದರೆ ಅದೂ ಹೋಗುತ್ತೆ. ಕೈ ಎರಡೂ ಬಿಡುವಾಗಿರಬೇಕಾದ್ದರಿಂದ ಇಲ್ಲೂ ಹೆಲ್ಮೆಟ್ ಲೈಟೇ ಗತಿ. ರಸ್ತೆಯಿಂದ ಪೂರ್ತಿ ಕೆಳಗಿಳಿದು ಕೆಲಸ ಮಾಡಿ, ಹಿಂದಿನ ಲೈಟು ಉರಿಯುತ್ತಲೇ ಇರಲಿ.

ಕತ್ತಲದಾರಿ:
ಕ್ಯಾರಿಯರಿಗೆ ಬೋಲ್ಟ್ ಹಾಕುವ ಹಿಂದಿನ ಲೈಟು ನೋಡಿದೆ. ಲೈಟಿನ ಬೋಲ್ಟುಗಳ ಅಂತರ 80 ಮಿ.ಮೀ., ನನ್ನ ಕ್ಯಾರಿಯರಿನ ತೂತುಗಳದ್ದು 50. ಏನು ಮಾಡೋದು?

ರಿಪೇರಿಮನೆ:
ಆ ಎರಡೇ ಅಳತೆ ಮಾರುಕಟ್ಟೆಯಲ್ಲಿರೋದು, 50 ಮತ್ತು 80. ಕೆಲವು ಲೈಟಿಗೆ ಎರಡೂ ಅಳತೆಯ ತೂತು ಇರುತ್ತೆ, ಮೊದಲು ಅಂಥದ್ದು ಕೇಳಿ. ಸಿಗದಿದ್ದರೆ 2 ಮಿ.ಮೀ. ದಪ್ಪ, 25 ಮಿ.ಮೀ. ಅಗಲ, 100 ಮಿ.ಮೀ. ಉದ್ದದ ಅಲ್ಯೂಮಿನಿಯಂ ಪಟ್ಟಿ ತಗೊಂಡು ನಡುವಿನಿಂದ ಎರಡೂ ಕಡೆ 25 ಮಿ.ಮೀ.ಗೆ ಒಂದೊಂದು, 40 ಮಿ.ಮೀ.ಗೆ ಒಂದೊಂದು ತೂತು ಕೊರೆಸಿ. ಲೈಟಿನ ಬೋಲ್ಟು 5 ಮಿ.ಮೀ. ಆದರೆ ತೂತು ಐದೂವರೆ. ಒಳಗಿನ ಜೋಡಿ ಕ್ಯಾರಿಯರಿಗೆ, ಹೊರಗಿನ ಜೋಡಿ ಲೈಟಿಗೆ. ಮೊದಲು ಪಟ್ಟಿಯನ್ನು ಕ್ಯಾರಿಯರಿಗೆ ಬಿಗಿದು ಆಮೇಲೆ ಲೈಟು ಹಾಕಿ, ಇಲ್ಲದಿದ್ದರೆ ಒಳಗಿನ ಬೋಲ್ಟುಗಳ ತಲೆ ಲೈಟಿನ ಹಿಂದೆ ಸಿಕ್ಕಿಕೊಂಡು ಸ್ಪ್ಯಾನರು ಹೋಗಲ್ಲ. ಸಾದಾ ನಟ್ಟು ಅದುರಿಗೆ ಬಿಚ್ಚಿಕೊಳ್ಳುತ್ತೆ, ಒಳಗೆ ನೈಲಾನ್ ಉಂಗುರ ಇರುವ ನಟ್ಟೇ ಹಾಕಿ. ಲೈಟಿನ ಪ್ಲಾಸ್ಟಿಕ್ ಬೆನ್ನಿಗೆ ಹಳೇ ಟ್ಯೂಬಿನ ವಾಷರ್ ಕತ್ತರಿಸಿ ಕೊಡಿ, ಪ್ಲಾಸ್ಟಿಕ್ ಸೀಳಲ್ಲ.